ಟಿನಿಯನ್‌ನ ನಾಲ್ಕು ರನ್‌ವೇ: ದೂರದ ಲೆಕ್ಕದಲ್ಲಿ ಹುಟ್ಟಿದ ಏರ್‌ಫೀಲ್ಡ್

ಗೂಗಲ್ ಮ್ಯಾಪ್‌ನಲ್ಲಿ ಟಿನಿಯನ್ ಅಂತ ಹುಡುಕಿ, ಸ್ಯಾಟಲೈಟ್ ನೋಟಕ್ಕೆ ಹೋಗಿ. ಪೆಸಿಫಿಕ್ ಸಾಗರದಲ್ಲಿ, ಗುವಾಮ್‌ನಿಂದ ಸ್ವಲ್ಪ ಉತ್ತರಕ್ಕೆ, ಒಂದು ಚಿಕ್ಕ ಹಸಿರು ದ್ವೀಪ ಕಾಣುತ್ತದೆ. ಅದರ ಉತ್ತರದ ತುದಿಯಲ್ಲಿ ಪಕ್ಕಪಕ್ಕದಲ್ಲೇ ನಾಲ್ಕು ನೇರ ಗೆರೆಗಳಿವೆ. ಒಂದೊಂದೂ ಎರಡೂವರೆ ಕಿಲೋಮೀಟರ್‌ಗಿಂತ ಉದ್ದ. ಇಡೀ ದ್ವೀಪದ ವಿಸ್ತೀರ್ಣ ಸುಮಾರು 100 ಚದರ ಕಿ.ಮೀ., ಅಂದ್ರೆ ಬೆಂಗಳೂರು ನಗರದ ಏಳನೇ ಒಂದು ಪಾಲು. ಜನ ಇರೋದು ಎರಡು ಸಾವಿರದ ಆಸುಪಾಸು. ಇಷ್ಟು ಸಣ್ಣ ಜಾಗಕ್ಕೆ ನಮ್ಮ ಮಂಗಳೂರಿನ ಬಜ್ಪೆ ರನ್‌ವೇಗಿಂತ ಉದ್ದದ ರನ್‌ವೇ, ಅದೂ ನಾಲ್ಕು, ಯಾಕೆ ಬೇಕಾಯಿತು?

ಇದೇ ನಾರ್ತ್ ಫೀಲ್ಡ್. 1945ರಲ್ಲಿ ಇದನ್ನು ಜಗತ್ತಿನ ಅತಿ ದೊಡ್ಡ ವಿಮಾನ ನಿಲ್ದಾಣ ಅನ್ನುತ್ತಿದ್ದರು. ಹಿರೋಶಿಮಾ, ನಾಗಸಾಕಿಗೆ ಅಣುಬಾಂಬ್ ಹೊತ್ತ ವಿಮಾನಗಳು ಹೊರಟಿದ್ದು ಇಲ್ಲಿಂದಲೇ. ಟಿನಿಯನ್ ಹೆಸರು ಬಂದಾಗಲೆಲ್ಲ ಮಾತು ಆ ಎರಡು ದಿನಕ್ಕೇ ನಿಂತುಬಿಡುತ್ತದೆ. ನನಗೆ ಹೆಚ್ಚು ಕುತೂಹಲ ಇರೋದು ಅದರ ಹಿಂದಿನ ಲೆಕ್ಕದ ಬಗ್ಗೆ. ದೂರ, ತೂಕ, ಇಂಧನ, ಗಾಳಿ. ಇಷ್ಟನ್ನು ಹಿಡಿದುಕೊಂಡರೆ ಈ ಫೀಲ್ಡ್ ಯಾಕೆ ಕಟ್ಟಿದರು, ಯಾಕೆ ಬಿಟ್ಟು ಹೋದರು, ಈಗ ಯಾಕೆ ಮತ್ತೆ ಅಲ್ಲಿ ಗಿಡಗಂಟಿ ಕಡಿಯುತ್ತಿದ್ದಾರೆ ಅನ್ನೋದೆಲ್ಲ ಅರ್ಥವಾಗುತ್ತದೆ.

ಮೊದಲು ವಿಮಾನದ ವಿಷಯ. ಬಿ-29 ಸೂಪರ್‌ಫೋರ್ಟ್ರೆಸ್ ಆ ಕಾಲದ ದೈತ್ಯ. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರ್. ನಾಲ್ಕು ಎಂಜಿನ್, ಒಂದೊಂದಕ್ಕೂ 2,200 ಅಶ್ವಶಕ್ತಿ. ಇಂಧನ, ಬಾಂಬ್ ಎಲ್ಲ ತುಂಬಿದರೆ 60 ಟನ್ ದಾಟುತ್ತಿತ್ತು. ಎಂಜಿನ್‌ಗಳು ಬೇಗ ಕಾಯುತ್ತಿದ್ದವು, ಬೆಂಕಿ ಹೊತ್ತಿಕೊಳ್ಳೋದೂ ಅಪರೂಪವಾಗಿರಲಿಲ್ಲ. ಆದರೆ ಅಷ್ಟು ಬಾಂಬ್ ಹೊತ್ತು ಅಷ್ಟು ದೂರ ಹೋಗಿ ಬರುವ ವಿಮಾನ ಬೇರೆ ಯಾರ ಬಳಿಯೂ ಇರಲಿಲ್ಲ. ಅಮೆರಿಕಕ್ಕೆ ಇದ್ದ ತೊಂದರೆ ಒಂದೇ. ಜಪಾನ್‌ಗೆ ಹೋಗಿ ಬರುವಷ್ಟು ಹತ್ತಿರ ಅದನ್ನು ಇಳಿಸೋದು ಎಲ್ಲಿ?

ಇದಕ್ಕೆ ಅವರು ಹುಡುಕಿದ ಮೊದಲ ಉತ್ತರ ನಮ್ಮ ದೇಶದಲ್ಲಿತ್ತು. 1944ರಲ್ಲಿ ಬಂಗಾಳದ ಖರಗ್‌ಪುರ ಸುತ್ತಮುತ್ತ, ದೂಧಕುಂಡಿ, ಚಾಕುಲಿಯಾ ಮುಂತಾದ ಕಡೆ ಬಿ-29ಗಳಿಗೆ ನೆಲೆ ಮಾಡಿಕೊಟ್ಟರು. ಅಲ್ಲಿಂದ ಹಿಮಾಲಯದ ಸಾಲು ದಾಟಿ ಚೀನಾದ ಚೆಂಗ್ಡುಗೆ ಹೋಗಬೇಕು. ಚೆಂಗ್ಡುವಿನಲ್ಲಿ ಇಂಧನ ತುಂಬಿಸಿಕೊಂಡು ಜಪಾನ್‌ಗೆ ಹೊರಡಬೇಕು. ಸರಿ, ಆದರೆ ಚೆಂಗ್ಡುವಿನಲ್ಲಿ ಇಂಧನ ಎಲ್ಲಿತ್ತು? ಅದನ್ನೂ ಭಾರತದಿಂದ ಇದೇ ಪರ್ವತಗಳ ಮೇಲೆ ವಿಮಾನದಲ್ಲೇ ಸಾಗಿಸಬೇಕಿತ್ತು. ಒಂದು ದಾಳಿಗೆ ಬೇಕಾದ ಇಂಧನ ಕೂಡಿಡಲು ಅದೇ ಬಾಂಬರ್‌ಗಳು ಟ್ಯಾಂಕರ್‌ಗಳಾಗಿ ಹಲವು ಸಲ ಆಚೀಚೆ ಓಡಾಡುತ್ತಿದ್ದವು. ಇಷ್ಟೆಲ್ಲ ಮಾಡಿದರೂ ತಲುಪುತ್ತಿದ್ದದ್ದು ಜಪಾನ್‌ನ ದಕ್ಷಿಣದ ಕ್ಯೂಶೂ ದ್ವೀಪದವರೆಗೆ ಮಾತ್ರ. ಟೋಕಿಯೋ ಕೈಗೆ ಸಿಗುತ್ತಿರಲಿಲ್ಲ. ಕಾಗದದ ಮೇಲೆ ಯಾರೋ ಧೈರ್ಯವಂತರು ಬರೆದ ಯೋಜನೆ ಅಂತ ಈಗ ಓದುವಾಗ ಅನಿಸುತ್ತದೆ. ಅಂದ ಹಾಗೆ, ಇದೇ ಚೀನಾ-ಬರ್ಮಾ-ಭಾರತ ರಣರಂಗದ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ಕೆಲಸ ನಡೆಯುತ್ತಿದ್ದ ಜಾಗಗಳಲ್ಲಿ ಬೆಂಗಳೂರಿನ ಎಚ್‌ಎಎಲ್ ಕೂಡ ಒಂದು.

ಹಾಗಾಗಿ ಕಣ್ಣು ಮರಿಯಾನಾ ದ್ವೀಪಗಳ ಮೇಲೆ ಬಿತ್ತು. ಸೈಪನ್, ಟಿನಿಯನ್, ಗುವಾಮ್. ಇಲ್ಲಿಂದ ಟೋಕಿಯೋ ಸುಮಾರು 2,400 ಕಿ.ಮೀ. ಬಿ-29 ಬಾಂಬ್ ಹೊತ್ತು ಹೋಗಿ, ಹಾಕಿ, ವಾಪಸ್ ಬರಲು ಸಾಕಾಗುವ ದೂರ, ಆದರೆ ಅಷ್ಟಕ್ಕಷ್ಟೇ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಇಂಧನ, ಬಾಂಬ್, ಊಟ, ಬಿಡಿಭಾಗ ಎಲ್ಲವೂ ಹಡಗಿನಲ್ಲೇ ಬಾಗಿಲಿಗೆ ಬರುತ್ತದೆ. ಪರ್ವತ ದಾಟಿಸುವ ಗೋಳಿಲ್ಲ.

ಟಿನಿಯನ್ ಆಗ ಜಪಾನಿಯರ ಕೈಯಲ್ಲಿತ್ತು. ಬಹಳ ಹಿಂದೆ ಚಮೋರೊ ಜನರ ದ್ವೀಪ ಅದು. ಸ್ಪೇನ್ ಆಳಿತು, 1899ರಲ್ಲಿ ಜರ್ಮನಿಗೆ ಮಾರಿತು, 1914ರಲ್ಲಿ ಜಪಾನ್ ಹಿಡಿಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಗಳ ಒಕ್ಕೂಟ ಇದರ ಆಡಳಿತವನ್ನು ಜಪಾನ್‌ಗೆ ವಹಿಸಿತು, ಸೇನಾ ನೆಲೆ ಕಟ್ಟಬಾರದು ಅನ್ನೋ ಷರತ್ತಿನ ಮೇಲೆ. ಜಪಾನಿಯರು ಕಬ್ಬು ಬೆಳೆದರು. ದ್ವೀಪ ಚಪ್ಪಟೆಯಾಗಿದ್ದದ್ದರಿಂದ ಬಹುಪಾಲು ನೆಲವನ್ನು ಕಬ್ಬಿನ ಗದ್ದೆಯೇ ತುಂಬಿಕೊಂಡಿತು, ಸಕ್ಕರೆ ಕಾರ್ಖಾನೆ ಬಂತು, ಒಕಿನಾವಾದಿಂದ, ಕೊರಿಯಾದಿಂದ ಸಾವಿರಾರು ಕೂಲಿಕಾರರು ಬಂದು ನೆಲೆಸಿದರು. ಆಮೇಲೆ ಜಪಾನ್ ಒಕ್ಕೂಟವನ್ನೂ ಬಿಟ್ಟಿತು, ಷರತ್ತನ್ನೂ ಬಿಟ್ಟಿತು. 1939ರಲ್ಲಿ ಉತ್ತರದ ಉಶಿ ಎಂಬಲ್ಲಿ, ಜಪಾನ್‌ನಿಂದ ಕೈದಿಗಳನ್ನು ತಂದು ಏರ್‌ಫೀಲ್ಡ್ ಕಟ್ಟಿಸಲು ಶುರು ಮಾಡಿದರು. ಅಂದರೆ ನಾರ್ತ್ ಫೀಲ್ಡ್‌ಗೆ ಮೊದಲ ಗುದ್ದಲಿ ಹಾಕಿದ್ದು ಅಮೆರಿಕನ್ನರಲ್ಲ.

1944 ಜುಲೈ 24ರಂದು ಅಮೆರಿಕನ್ ಮರೀನ್‌ಗಳು ಟಿನಿಯನ್ ಮೇಲೆ ಇಳಿದರು. ದಕ್ಷಿಣದಲ್ಲಿ ಒಳ್ಳೆಯ ಅಗಲವಾದ ಕಡಲತೀರವಿತ್ತು. ಜಪಾನಿಯರು ಅಲ್ಲೇ ಕಾದು ಕೂತಿದ್ದರು. ಅಮೆರಿಕನ್ನರು ಅಲ್ಲಿ ಸುಮ್ನೆ ಇಳಿಯುವ ನಾಟಕ ಮಾಡಿ, ವಾಯವ್ಯದ ಎರಡು ಪುಟ್ಟ ತೀರಗಳಲ್ಲಿ ಇಳಿದುಬಿಟ್ಟರು. ಇಷ್ಟು ಇಕ್ಕಟ್ಟಿನಲ್ಲಿ ಯಾರೂ ಸೈನ್ಯ ಇಳಿಸೋದಿಲ್ಲ ಅಂತ ಅಂದುಕೊಳ್ಳುವಷ್ಟು ಚಿಕ್ಕವು ಅವು. ಎರಡರಲ್ಲಿ ಸಣ್ಣದು 60 ಗಜದ ಆಸುಪಾಸು. ಮೊದಲ ದಿನವೇ ಸುಮಾರು 15 ಸಾವಿರ ಜನ ಈ ಎರಡು ತೀರಗಳ ಮೂಲಕ ಒಳಗೆ ಬಂದರು. ಆಗಸ್ಟ್ 1ಕ್ಕೆ ದ್ವೀಪ ಕೈವಶವಾಯಿತು. ಸತ್ತ ಅಮೆರಿಕನ್ನರು 300ಕ್ಕೂ ಹೆಚ್ಚು. ಜಪಾನ್ ಕಡೆ ಎಂಟು ಸಾವಿರಕ್ಕಿಂತ ಹೆಚ್ಚು ಸೈನಿಕರಿದ್ದರು, ಸೆರೆ ಸಿಕ್ಕಿದ್ದು ಕೆಲವೇ ನೂರು ಮಂದಿ. ಸಾವಿರಾರು ನಾಗರಿಕರನ್ನು ಚುರೊ ಎಂಬ ಕಡೆ ಶಿಬಿರದಲ್ಲಿ ಇರಿಸಿದರು. ಕಬ್ಬು ಕಡಿಯಲು ಬಂದು ಯುದ್ಧದ ನಡುವೆ ಸಿಕ್ಕಿಬಿದ್ದ ಆ ಒಕಿನಾವಾ, ಕೊರಿಯಾದ ಕುಟುಂಬಗಳ ಮಾತು ಈ ಇತಿಹಾಸದಲ್ಲಿ ಬರೋದು ತೀರಾ ಕಡಿಮೆ.

ಇನ್ನೂ ಕಾಳಗ ನಡೆಯುತ್ತಿರುವಾಗಲೇ ಸೀಬೀಸ್ ಕೆಲಸ ಶುರು ಮಾಡಿದರು. ಇವರು ಅಮೆರಿಕ ನೌಕಾಪಡೆಯ ಕಟ್ಟಡ ದಳದವರು. ಬಂದೂಕು ಹಿಡಿಯಲೂ ಬರುತ್ತಿತ್ತು, ಬುಲ್ಡೋಜರ್ ಓಡಿಸಲೂ ಬರುತ್ತಿತ್ತು. ಮೊದಲು ಜಪಾನಿಯರ ರನ್‌ವೇಯಲ್ಲಿದ್ದ ಬಾಂಬ್ ಗುಂಡಿ ಮುಚ್ಚಿ ಸಣ್ಣ ವಿಮಾನ ಇಳಿಯುವಂತೆ ಮಾಡಿದರು. ಆಮೇಲೆ ಅಸಲಿ ಕೆಲಸ.

ಕಟ್ಟಿದ್ದು ಯಾವುದರಿಂದ ಅನ್ನೋದು ನೋಡಿ. ಟಿನಿಯನ್ ದ್ವೀಪದ ಮೈಯೇ ಹವಳದ ಸುಣ್ಣಕಲ್ಲು. ಡೈನಮೈಟ್ ಇಟ್ಟು ಅದನ್ನು ಸಿಡಿಸುತ್ತಿದ್ದರು, ಪುಡಿ ಮಾಡಿ ಟ್ರಕ್‌ಗಳಲ್ಲಿ ತಂದು ಸುರಿಯುತ್ತಿದ್ದರು, ಹರಡಿ, ಮೇಲೆ ನೀರು ಚಿಮುಕಿಸಿ, ರೋಲರ್ ಓಡಿಸುತ್ತಿದ್ದರು. ಹವಳದ ಪುಡಿಗೆ ಒಂದು ಗುಣವಿದೆ. ಒದ್ದೆ ಮಾಡಿ ಒತ್ತಿದರೆ ಸಿಮೆಂಟ್ ಥರ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಡಾಂಬರು. ಸಿಮೆಂಟ್ ಮೂಟೆಗಳನ್ನು ಸಾವಿರಾರು ಮೈಲಿ ಆಚೆಯಿಂದ ತರುವ ಬದಲು ಕಾಲ ಕೆಳಗಿನ ನೆಲವನ್ನೇ ಅಗೆದು ರಸ್ತೆ ಮಾಡಿಕೊಂಡರು. ಟ್ರಕ್‌ಗಳು ಹಗಲೂ ರಾತ್ರಿ ಓಡಿದವು. ಮೊದಲ ರನ್‌ವೇ 1944ರ ಡಿಸೆಂಬರ್‌ನಲ್ಲಿ ಸಿದ್ಧವಾಯಿತು, ನಾಲ್ಕನೆಯದು 1945ರ ಮೇ ತಿಂಗಳಲ್ಲಿ. ಒಂಬತ್ತು ಹತ್ತು ತಿಂಗಳಲ್ಲಿ ನಾಲ್ಕು. ನಮ್ಮಲ್ಲಿ ಒಂದು ಫ್ಲೈಓವರ್‌ನ ಎರಡು ಕಂಬ ಎದ್ದು ನಿಲ್ಲುವಷ್ಟು ಹೊತ್ತಿಗೆ! ಅಕ್ಷರಕ್ರಮದಲ್ಲಿ ಏಬಲ್, ಬೇಕರ್, ಚಾರ್ಲಿ, ಡಾಗ್ ಅಂತ ಹೆಸರಿಟ್ಟರು. ಪ್ರತಿಯೊಂದೂ 8,500 ಅಡಿ.

ಯಾಕೆ 8,500 ಅಡಿ? ತೂಕ ಜಾಸ್ತಿಯಾದಷ್ಟೂ ವಿಮಾನ ನೆಲ ಬಿಡಲು ಹೆಚ್ಚು ವೇಗ ಬೇಕು. ಭಾರವಾದ ವಿಮಾನ ಆ ವೇಗಕ್ಕೆ ಬರೋದೂ ನಿಧಾನ. ಎರಡೂ ಸೇರಿ ರನ್‌ವೇ ಉದ್ದವಾಗುತ್ತಾ ಹೋಗುತ್ತದೆ. ಜಪಾನಿಯರ ಹಗುರ ವಿಮಾನಗಳಿಗೆ ಐದು ಸಾವಿರ ಅಡಿಯೊಳಗೆ ಕೆಲಸ ಮುಗಿಯುತ್ತಿತ್ತು. 60 ಟನ್ನಿನ ಬಿ-29ಕ್ಕೆ 8,500 ಅಡಿಯೂ ಧಾರಾಳವಲ್ಲ. ರನ್‌ವೇ ಮುಗಿದ ಕೂಡಲೇ ಸಮುದ್ರ. ಎಷ್ಟೋ ವಿಮಾನಗಳು ನೆಲ ಬಿಟ್ಟ ಮೇಲೆ ಮೇಲಕ್ಕೇರದೆ ನೀರಿನ ಹತ್ತಿರಕ್ಕೇ ಇಳಿದು, ವೇಗ ಕೂಡಿಸಿಕೊಂಡು, ಆಮೇಲೆ ನಿಧಾನಕ್ಕೆ ಮೇಲೆ ಹೋಗುತ್ತಿದ್ದವು. ಎಂಜಿನ್ ಕೈಕೊಟ್ಟರೆ ಮುಗಿಯಿತು.

ನಾಲ್ಕೂ ಒಂದೇ ದಿಕ್ಕಿಗೆ ಯಾಕೆ? ಯುದ್ಧಕಾಲದ ಬ್ರಿಟನ್‌ನ ಏರ್‌ಫೀಲ್ಡ್‌ಗಳ ಹಳೇ ಫೋಟೋ ನೋಡಿದರೆ ಮೂರು ರನ್‌ವೇ ಒಂದನ್ನೊಂದು ಅಡ್ಡ ಹಾಯ್ದು ತ್ರಿಕೋನದ ಥರ ಇರುತ್ತವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಅಲ್ಲಿ ಗಾಳಿ ದಿನಕ್ಕೊಂದು ಕಡೆಯಿಂದ ಬೀಸುತ್ತದೆ, ಹಾಗಾಗಿ ಮೂರು ದಿಕ್ಕು. ಮರಿಯಾನಾದಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದ ಕಡೆಯಿಂದಲೇ ಬರುತ್ತದೆ. ಬೇರೆ ದಿಕ್ಕಿನ ರನ್‌ವೇ ಕಟ್ಟಿದರೆ ಹವಳವೂ ಹಾಳು, ಜಾಗವೂ ಹಾಳು. ಎಲ್ಲವನ್ನೂ ಪೂರ್ವ-ಪಶ್ಚಿಮವಾಗಿ ಪಕ್ಕಪಕ್ಕ ಹಾಸಿಬಿಟ್ಟರು.

ಹಾಗಾದರೆ ಒಂದೇ ಸಾಕಿತ್ತಲ್ವಾ, ನಾಲ್ಕು ಯಾಕೆ? ಇಲ್ಲಿ ಇಂಧನದ ಲೆಕ್ಕ ಬರುತ್ತದೆ. ಒಂದೇ ರನ್‌ವೇಯಿಂದ ನಿಮಿಷಕ್ಕೊಂದರಂತೆ 120 ವಿಮಾನ ಏರಿಸಬೇಕಾದರೆ ಎರಡು ಗಂಟೆ ಬೇಕು. ಮೊದಲು ಏರಿದ್ದಕ್ಕೂ ಕೊನೆಯದಕ್ಕೂ ಎರಡು ಗಂಟೆ ಅಂತರ. ಜೊತೆಯಾಗಿ ಹೋಗಬೇಕಾದರೆ ಮೊದಲಿನವರು ಸುತ್ತು ಹೊಡೆಯುತ್ತಾ ಇಂಧನ ಸುಡಬೇಕು. ಹದಿನಾಲ್ಕು ಹದಿನೈದು ಗಂಟೆಯ ಹಾರಾಟದಲ್ಲಿ ಅಷ್ಟು ಪೋಲು ಮಾಡಲು ಯಾರ ಬಳಿಯೂ ಇಂಧನ ಇರುತ್ತಿರಲಿಲ್ಲ. ವಾಪಸ್ ಬರುವಾಗ ಇನ್ನೂ ಕಷ್ಟ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ, ಗುಂಡೇಟು ತಿಂದ ವಿಮಾನಗಳು, ಎಲ್ಲ ಒಟ್ಟಿಗೆ ಬಂದು ಇಳಿಯಬೇಕು. ಒಂದು ಮುಗ್ಗರಿಸಿ ರನ್‌ವೇ ಮೇಲೆ ಬಿದ್ದರೆ ಹಿಂದಿನವರಿಗೆ ಬೇರೆ ದಾರಿ ಬೇಕೇ ಬೇಕು. ದಾರಿಯ ಮಧ್ಯದಲ್ಲಿರುವ ಇವೊ ಜಿಮಾ ದ್ವೀಪಕ್ಕಾಗಿ 1945ರ ಫೆಬ್ರುವರಿಯಲ್ಲಿ ಅಷ್ಟು ರಕ್ತ ಹರಿದದ್ದಕ್ಕೆ ಇದೂ ಒಂದು ಕಾರಣ. ಟಿನಿಯನ್‌ವರೆಗೆ ಬರಲಾಗದ ಬಿ-29ಗಳಿಗೆ ಅಲ್ಲಿ ಇಳಿಯಲು ಜಾಗ ಬೇಕಿತ್ತು.

ರನ್‌ವೇಗಳ ಸುತ್ತ ಟ್ಯಾಕ್ಸಿವೇಗಳು, ಅಂದ್ರೆ ವಿಮಾನ ರನ್‌ವೇಗೆ ಹೋಗಿ ಬರುವ ದಾರಿಗಳು, ಅವುಗಳಿಂದ ಕವಲೊಡೆದ ನೂರಾರು ನಿಲುಗಡೆಗಳು. ವಿಮಾನಗಳನ್ನು ದೂರ ದೂರ ನಿಲ್ಲಿಸುತ್ತಿದ್ದರು. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದು ಉಳಿಯಲಿ ಅಂತ. ದ್ವೀಪದ ಆಕಾರ ಸ್ವಲ್ಪ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಥರ ಇದ್ದದ್ದರಿಂದ ಹೊಸ ರಸ್ತೆಗಳಿಗೆ ಬ್ರಾಡ್‌ವೇ, 42ನೇ ಸ್ಟ್ರೀಟ್ ಅಂತೆಲ್ಲ ಹೆಸರಿಟ್ಟರು. ಬ್ರಾಡ್‌ವೇ ಇವತ್ತಿಗೂ ಬ್ರಾಡ್‌ವೇನೇ. ಪಶ್ಚಿಮದಲ್ಲಿ ವೆಸ್ಟ್ ಫೀಲ್ಡ್ ಅಂತ ಇನ್ನೊಂದು ನೆಲೆ ಎದ್ದಿತು, ಅಲ್ಲಿ ಎರಡು ರನ್‌ವೇ. ಖರಗ್‌ಪುರದಲ್ಲಿದ್ದ 58ನೇ ಬಾಂಬ್ ವಿಂಗ್ ಎಂಬ ಬಿ-29 ದಳ 1945ರ ವಸಂತದಲ್ಲಿ ಬಂಗಾಳದಿಂದ ಗಂಟುಮೂಟೆ ಕಟ್ಟಿ ಬಂದದ್ದು ಈ ವೆಸ್ಟ್ ಫೀಲ್ಡ್‌ಗೇ. ನಾರ್ತ್ ಫೀಲ್ಡ್ 313ನೇ ವಿಂಗ್‌ನ ಜಾಗ.

ಅಲ್ಲಿಂದ ಆದದ್ದೇನು? ಶುರುವಿನಲ್ಲಿ ಬಿ-29ಗಳು ಬಹಳ ಎತ್ತರದಿಂದ ಬಾಂಬ್ ಹಾಕುತ್ತಿದ್ದವು. ಜಪಾನ್ ಮೇಲಿನ ಆ ಎತ್ತರದಲ್ಲಿ ಗಾಳಿ ಭಯಂಕರ ರಭಸ, ಗುರಿ ತಪ್ಪುತ್ತಿತ್ತು, ಎತ್ತರಕ್ಕೆ ಏರಲು ಇಂಧನವೂ ಜಾಸ್ತಿ ಸುಡುತ್ತಿತ್ತು. ಜನರಲ್ ಕರ್ಟಿಸ್ ಲೆಮೇ ಲೆಕ್ಕವನ್ನೇ ತಿರುಗಿಸಿದರು. ರಾತ್ರಿ ಹೋಗಿ, ತಗ್ಗಿನಲ್ಲಿ ಹಾರಿ, ಬೆಂಕಿ ಬಾಂಬ್ ಹಾಕಿ ಅಂದರು. ಎತ್ತರಕ್ಕೆ ಏರದೆ ಉಳಿದ ಇಂಧನದ ತೂಕವೆಲ್ಲ ಬಾಂಬ್ ಆಯಿತು. 1945 ಮಾರ್ಚ್ 9-10ರ ರಾತ್ರಿ ಮೂರೂ ದ್ವೀಪಗಳಿಂದ ಹೋದ 279 ವಿಮಾನಗಳು ಟೋಕಿಯೋ ಮೇಲೆ ಬೆಂಕಿ ಸುರಿದವು. ಸುಮಾರು ಒಂದು ಲಕ್ಷ ಜನ ಸತ್ತರು ಅನ್ನುತ್ತಾರೆ. ಅಣುಬಾಂಬ್‌ಗೆ ಇನ್ನೂ ಐದು ತಿಂಗಳಿತ್ತು. ನಾರ್ತ್ ಫೀಲ್ಡ್ ಅಂದ್ರೆ ಹಿರೋಶಿಮಾಗೆ ಹೋದ ಎನೋಲಾ ಗೇ ವಿಮಾನ ಅಂತ ಮಾತ್ರ ನೆನಪಿಟ್ಟುಕೊಂಡರೆ ಈ ರಾತ್ರಿ ಜಾರಿಹೋಗುತ್ತದೆ, ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮಾರ್ಚ್ ಕೊನೆಯಿಂದ 313ನೇ ವಿಂಗ್ ಜಪಾನ್‌ನ ಬಂದರು, ಜಲಸಂಧಿಗಳಲ್ಲಿ ಸುಮಾರು 12 ಸಾವಿರ ಮೈನ್‌ಗಳನ್ನೂ (ಹಡಗು ಸಿಡಿಸುವ ನೀರೊಳಗಿನ ಬಾಂಬ್) ಬಿತ್ತಿತು. ಅನ್ನ, ಎಣ್ಣೆ, ಕಚ್ಚಾವಸ್ತು ಎಲ್ಲಕ್ಕೂ ಹಡಗನ್ನೇ ನಂಬಿದ್ದ ದೇಶ ಅದು. ಕಾರ್ಯಾಚರಣೆಗೆ ಅವರು ಇಟ್ಟ ಹೆಸರೇ ‘ಸ್ಟಾರ್ವೇಷನ್’, ಅಂದರೆ ಹಸಿವಿಗೆ ಕೆಡಹುವುದು. ಮುಚ್ಚುಮರೆಯೇ ಇರಲಿಲ್ಲ.

ಈಗ ಆಗಸ್ಟ್‌ಗೆ ಬರೋಣ. ಪಾಲ್ ಟಿಬೆಟ್ಸ್ ಮುಖ್ಯಸ್ಥರಾಗಿದ್ದ 509ನೇ ಕಾಂಪೋಸಿಟ್ ಗ್ರೂಪ್, ಅಣುಬಾಂಬ್ ಹಾಕಲೆಂದೇ ಕಟ್ಟಿದ ದಳ, ಅಷ್ಟು ಹೊತ್ತಿಗೆ ನಾರ್ತ್ ಫೀಲ್ಡ್‌ಗೆ ಬಂದು, ಬೇಲಿಯೊಳಗೆ, ಯಾರಿಗೂ ಗುಟ್ಟು ಬಿಡದೆ ತರಬೇತಿ ಮಾಡುತ್ತಿತ್ತು. ಜುಲೈ 26ರಂದು ಇಂಡಿಯಾನಾಪೊಲಿಸ್ ಎಂಬ ಯುದ್ಧನೌಕೆ ಅಣುಬಾಂಬ್‌ನ ಭಾಗಗಳನ್ನು ತಂದು ಇಳಿಸಿ ಹೋಯಿತು. ನಾಲ್ಕು ದಿನಕ್ಕೆ ಅದನ್ನು ಜಪಾನಿ ಸಬ್‌ಮರೀನ್ ಮುಳುಗಿಸಿತು. ಸುಮಾರು 1,200 ನಾವಿಕರಲ್ಲಿ ಉಳಿದವರು 316.

ಫೀಲ್ಡ್‌ನಲ್ಲಿ ಒಂದು ವಿಚಿತ್ರ ತೊಂದರೆ ಎದುರಾಯಿತು. ಬಾಂಬ್ ವಿಪರೀತ ದಪ್ಪ, ಬಿ-29ರ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ಗಾಡಿಯಲ್ಲಿ ತಳ್ಳಿ ಕೆಳಗೆ ತೂರಿಸಲು ಜಾಗವೇ ಇಲ್ಲ. ಅದಕ್ಕೆ ನೆಲದಲ್ಲೇ ಕಾಂಕ್ರೀಟಿನ ಗುಂಡಿ ಮಾಡಿ, ತಳದಲ್ಲಿ ಹೈಡ್ರಾಲಿಕ್ ಜಾಕ್ ಕೂರಿಸಿದರು. ಬಾಂಬನ್ನು ಗುಂಡಿಗೆ ಇಳಿಸಬೇಕು, ವಿಮಾನವನ್ನು ಹಿಂದೆ ತಳ್ಳುತ್ತಾ ಗುಂಡಿಯ ಮೇಲೆ ಸರಿಯಾಗಿ ನಿಲ್ಲಿಸಬೇಕು, ಆಮೇಲೆ ಜಾಕ್ ಎತ್ತಿ ಬಾಂಬನ್ನು ಹೊಟ್ಟೆಯೊಳಗೆ ಕಚ್ಚಿಸಬೇಕು. ಕಾರ್ ಗ್ಯಾರೇಜ್‌ನಲ್ಲಿ ಮೆಕ್ಯಾನಿಕ್ ಗುಂಡಿಗಿಳಿದು ಕೆಲಸ ಮಾಡುತ್ತಾನಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಇಂಥ ಎರಡು ಗುಂಡಿ ಇದ್ದವು.

ಎರಡನೇ ತೊಂದರೆ ಮತ್ತೆ ತೂಕದ್ದೇ. ಹಿರೋಶಿಮಾದ ಬಾಂಬ್ ಲಿಟ್ಲ್ ಬಾಯ್ ಸುಮಾರು 4,400 ಕಿಲೋ. ಯುರೇನಿಯಂನ ಒಂದು ತುಂಡನ್ನು ಇನ್ನೊಂದಕ್ಕೆ ಬಂದೂಕಿನ ಗುಂಡಿನಂತೆ ಹೊಡೆಯುವ ರಚನೆ ಅದರದ್ದು. ಭಾರದ ವಿಮಾನಗಳು ಏರುವಾಗ ಬಿದ್ದು ಸುಟ್ಟುಹೋಗುವುದನ್ನು ನೌಕಾಪಡೆಯ ವಿಲಿಯಂ ಪಾರ್ಸನ್ಸ್ ಇದೇ ಫೀಲ್ಡ್‌ನಲ್ಲಿ ಕಣ್ಣಾರೆ ನೋಡಿದ್ದರು. ಈ ವಿಮಾನ ಹಾಗೇ ಬಿದ್ದು, ಬಾಂಬ್‌ನ ಸಿಡಿಮದ್ದಿಗೆ ಬೆಂಕಿ ತಾಗಿದರೆ ದ್ವೀಪವೇ ಇಲ್ಲ. ಹಾಗಾಗಿ ಮದ್ದು ತುಂಬದೆ ಹೊರಟು, ಆಕಾಶದಲ್ಲಿ ಪಾರ್ಸನ್ಸ್ ತಾವೇ ಇಕ್ಕಟ್ಟಾದ ಬಾಂಬ್ ಗೂಡಿಗಿಳಿದು ಕೈಯಾರೆ ತುಂಬಿದರು. ಆಗಸ್ಟ್ 6, ಬೆಳಗಿನ ಜಾವ 2:45ಕ್ಕೆ ಎನೋಲಾ ಗೇ ಏಬಲ್ ರನ್‌ವೇಯ ಬಹುಪಾಲು ಉದ್ದವನ್ನು ಓಡಿ ನೆಲ ಬಿಟ್ಟಿತು. ಜಪಾನ್ ಸಮಯ 8:15ಕ್ಕೆ ಹಿರೋಶಿಮಾ. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಟಿನಿಯನ್‌ನಲ್ಲಿ ವಾಪಸ್ ಇಳಿಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಅಂತ ಅಂದಾಜು.

ಆಗಸ್ಟ್ 9ರ ಹಾರಾಟ ಇನ್ನೂ ಗೊಂದಲದ್ದು. ಎರಡನೇ ಬಾಂಬ್ ಫ್ಯಾಟ್ ಮ್ಯಾನ್‌ನ ರಚನೆ ಬೇರೆ, ಅದನ್ನು ಆಕಾಶದಲ್ಲಿ ಜೋಡಿಸುವ ಹಾಗಿರಲಿಲ್ಲ. ಪೂರ್ತಿ ಜೋಡಿಸಿದ ಬಾಂಬ್ ಹೊತ್ತೇ ಏರಬೇಕು. ಬಾಕ್ಸ್‌ಕಾರ್ ವಿಮಾನದ ಒಂದು ಇಂಧನ ಪಂಪ್ ಕೆಟ್ಟಿತ್ತು. ಸುಮಾರು 2,400 ಲೀಟರ್ ಇಂಧನ ಟ್ಯಾಂಕ್‌ನಲ್ಲಿದೆ, ಆದರೆ ಎಂಜಿನ್‌ಗೆ ಬರೋದಿಲ್ಲ. ಸುಮ್ನೆ ಭಾರ. ಆದರೂ ಹೊರಟರು. ಮೊದಲ ಗುರಿ ಕೊಕುರಾ ಮೇಲೆ ಮಬ್ಬು ಕವಿದಿತ್ತು, ಏನೂ ಕಾಣಲಿಲ್ಲ. ಅಲ್ಲಿ ಸುತ್ತಿ ಸುತ್ತಿ ನಾಗಸಾಕಿಗೆ ತಿರುಗಿದರು. ಬಾಂಬ್ ಹಾಕಿದ ಮೇಲೆ ಟಿನಿಯನ್‌ಗೆ ಬರುವಷ್ಟು ಇಂಧನ ಉಳಿದಿರಲಿಲ್ಲ, ಒಕಿನಾವಾದಲ್ಲಿ ಇಳಿಯಬೇಕಾಯಿತು. ಒಂದು ಊರು ಉಳಿದದ್ದು ಮಬ್ಬಿನಿಂದ, ಇನ್ನೊಂದು ಹೋದದ್ದು ಅದೇ ಮಬ್ಬಿನಿಂದ.

ಆಗಸ್ಟ್ ಮಧ್ಯದಲ್ಲಿ ಯುದ್ಧ ಮುಗಿಯಿತು. ಜಪಾನ್ ನೆಲವೇ ಕೈಗೆ ಬಂದ ಮೇಲೆ 2,400 ಕಿ.ಮೀ. ದೂರದ ದ್ವೀಪಕ್ಕೆ ಏನು ಕೆಲಸ? 1947ರ ಹೊತ್ತಿಗೆ ನಾರ್ತ್ ಫೀಲ್ಡ್ ಖಾಲಿ. ಯುದ್ಧದಲ್ಲಿ ಮೈ ಬೋಳಾಗಿದ್ದ ಈ ದ್ವೀಪಗಳಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಅಂತ ಒಂದು ಗಿಡದ ಬೀಜ ಚೆಲ್ಲಿದರು. ಅಲ್ಲಿಯವರು ಅದನ್ನು ಟಂಗನ್‌ಟಂಗನ್ ಅನ್ನುತ್ತಾರೆ. ನಮಗೆ ಅದು ಚೆನ್ನಾಗಿ ಗೊತ್ತಿರುವ ಸುಬಾಬುಲ್. ಮೇವಿಗೆ, ಸೌದೆಗೆ ಅಂತ ನಮ್ಮ ಹೊಲದ ಬದುಗಳಲ್ಲಿ ನೆಟ್ಟ ಅದೇ ಗಿಡ. ಒಮ್ಮೆ ಬಂದರೆ ಹೇಗೆ ಹಬ್ಬುತ್ತದೆ ಅಂತ ಬೆಳೆಸಿದವರಿಗೆ ಹೇಳಬೇಕಿಲ್ಲ. ಡಾಂಬರಿನ ಬಿರುಕುಗಳಲ್ಲೂ ಎದ್ದಿತು, ಟ್ಯಾಕ್ಸಿವೇಗಳನ್ನು ನುಂಗಿತು. ಕಾಡಿನ ನಡುವೆ ಜಪಾನಿಯರ ಕಾಂಕ್ರೀಟ್ ಕಟ್ಟಡಗಳು, ಬಾಂಬ್ ಆಶ್ರಯಗಳು ಹಾಗೇ ನಿಂತಿವೆ. ಅಣುಬಾಂಬ್ ವಿಮಾನಕ್ಕೆ ಏರಿಸಿದ ಆ ಎರಡು ಗುಂಡಿಗಳಿಗೆ ಮಣ್ಣು ತುಂಬಿದ್ದರು. 2004ರಲ್ಲಿ, 60ನೇ ವರ್ಷದ ನೆನಪಿನ ಕಾರ್ಯಕ್ರಮದ ಸುಮಾರಿಗೆ, ಮತ್ತೆ ತೆಗೆದು ಮೇಲೆ ಗಾಜು ಹೊದಿಸಿದರು. ಅದಕ್ಕೂ ಮುಂಚೆ 1985ರಲ್ಲೇ ಇಡೀ ಪ್ರದೇಶ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಆದರೆ ಸೇನೆ ಪೂರ್ತಿ ಕೈಬಿಟ್ಟಿರಲಿಲ್ಲ. ಉತ್ತರ ಮರಿಯಾನಾ ದ್ವೀಪಗಳು ಅಮೆರಿಕದ ಜೊತೆ ಸೇರುವ ಒಪ್ಪಂದ 1970ರ ದಶಕದಲ್ಲಿ ಆದಾಗ, ಟಿನಿಯನ್‌ನ ಸುಮಾರು ಮೂರನೇ ಎರಡು ಪಾಲನ್ನು ಸೇನೆಗೆ ಲೀಸ್‌ಗೆ ಕೊಡುವ ಮಾತೂ ಅದರಲ್ಲಿತ್ತು. 1983ರಲ್ಲಿ ಲೀಸ್ ಆಯಿತು. ನಾರ್ತ್ ಫೀಲ್ಡ್ ಅದರೊಳಗೇ ಬರುತ್ತದೆ. ಆಗಾಗ ತರಬೇತಿ ನಡೆಯುತ್ತಿತ್ತು, ಉಳಿದ ಹೊತ್ತು ಪ್ರವಾಸಿಗರು ಏಬಲ್ ರನ್‌ವೇ ಮೇಲೆ ಕಾರ್ ಓಡಿಸುತ್ತಿದ್ದರು.

2023ರ ಡಿಸೆಂಬರ್‌ನಲ್ಲಿ ಪೆಸಿಫಿಕ್‌ನ ಅಮೆರಿಕನ್ ವಾಯುಪಡೆಯ ಮುಖ್ಯಸ್ಥರಾಗಿದ್ದ ಜನರಲ್ ಕೆನೆತ್ ವಿಲ್ಸ್‌ಬ್ಯಾಕ್ ನಾರ್ತ್ ಫೀಲ್ಡ್‌ನಲ್ಲಿ ಕಾಡು ಕಡಿದು ಹಳೇ ರನ್‌ವೇಗಳನ್ನು ಬಳಕೆಗೆ ತರುತ್ತೇವೆ ಅಂತ ಹೇಳಿದರು. 2 ಕೋಟಿ ಚದರ ಅಡಿಗೂ ಮೀರಿದ ಹಳೇ ಡಾಂಬರು ನೆಲದ ಮಾತು ಅದು, ಅಂದ್ರೆ 450 ಎಕರೆಗೂ ಜಾಸ್ತಿ. ಕಾರಣ ಮತ್ತೆ ದೂರದ ಲೆಕ್ಕವೇ, ಆದರೆ ಈ ಸಲ ಎದುರಿನವರ ಲೆಕ್ಕ. ಚೀನಾದ ಕ್ಷಿಪಣಿಗಳು ಈಗ ಗುವಾಮ್‌ವರೆಗೆ ಬರುತ್ತವೆ. ಅಲ್ಲಿನ ಆ್ಯಂಡರ್ಸನ್ ನೆಲೆಯಲ್ಲೇ ಎಲ್ಲ ವಿಮಾನ ಇಟ್ಟರೆ ಕೆಲವೇ ಏಟಿಗೆ ಆಟ ಮುಗಿಯಬಹುದು. ಹಾಗಾಗಿ ವಿಮಾನಗಳನ್ನು ಹತ್ತಾರು ಸಣ್ಣ ಫೀಲ್ಡ್‌ಗಳಿಗೆ ಹಂಚಿ, ಜಾಗ ಬದಲಿಸುತ್ತಾ ಇರೋದು ಈಗಿನ ನೀತಿ. ಹೊಸದಾಗಿ ಕಟ್ಟೋದಕ್ಕಿಂತ, ಸೀಬೀಸ್ ಒತ್ತಿ ಕೂರಿಸಿದ ಹವಳದ ಅಡಿಪಾಯ ಕಾಡಿನಡಿ ಇರುವಾಗ ಅದನ್ನೇ ಬಳಸೋದು ಸುಲಭ. ವೆಸ್ಟ್ ಫೀಲ್ಡ್ ಈಗ ದ್ವೀಪದ ನಾಗರಿಕ ವಿಮಾನ ನಿಲ್ದಾಣ, ಅದರ ಪಕ್ಕದಲ್ಲೂ 2022ರಲ್ಲಿ ವಾಯುಪಡೆಯ ಕೆಲಸ ಶುರುವಾಯಿತು.

ಇದರಲ್ಲಿ ಅಲ್ಲಿನ ಎರಡು ಸಾವಿರ ಜನರ ಸ್ಥಿತಿ ಸುಲಭದ್ದಲ್ಲ. ಪ್ರವಾಸಿಗರನ್ನು ನಂಬಿದ ದ್ವೀಪಗಳು ಅವು, ಕೋವಿಡ್ ಆದ ಮೇಲೆ ಆ ಆದಾಯ ಕುಸಿಯಿತು. ಕಟ್ಟಡ ಕೆಲಸ ಬಂದರೆ ಕೈಗೆ ಕಾಸು ಬರುತ್ತದೆ. ಆದರೆ ಕ್ಷಿಪಣಿಗೆ ಗುರಿಗಳನ್ನು ಹಂಚೋದು ಅಂದ್ರೆ ಆ ಗುರಿಗಳಲ್ಲಿ ಒಂದು ತಮ್ಮ ಮನೆಯ ಪಕ್ಕ ಅಂತ ಅವರಿಗೂ ಗೊತ್ತು. ಸೇನೆಯ ಲೀಸ್‌ನ ಮೊದಲ 50 ವರ್ಷ ಮುಗಿಯೋದು 2033ಕ್ಕೆ. ಇನ್ನೂ 50 ವರ್ಷ ಮುಂದುವರಿಸುವ ಅವಕಾಶ ಒಪ್ಪಂದದಲ್ಲೇ ಇದೆ, ಅದನ್ನು ಬಳಸೋದು ಬಿಡೋದು ಅಮೆರಿಕದ ಕೈಯಲ್ಲಿ.